ನಂದಿಬೆಟ್ಟ ಬಿಡಿ, ದಕ್ಷಿಣಕ್ಕೆ ಹೊರಡಿ

ಸಿದ್ದಾಪುರ, ಜಯನಗರ, ಬನಶಂಕರಿ ಕಡೆಯ ನಮಗೆಲ್ಲ ಒಂದು ವಿಚಿತ್ರ ಅಭ್ಯಾಸವಿದೆ. ರಜೆ ಸಿಕ್ಕಿತೆಂದರೆ ಕೋಳಿ ಕೂಗುವ ಮೊದಲೇ ಎದ್ದು, ಇಡೀ ಊರನ್ನು ದಾಟಿಕೊಂಡು ನಂದಿಬೆಟ್ಟಕ್ಕೆ ಓಡುತ್ತೇವೆ. ಹೆಬ್ಬಾಳದಲ್ಲಿ ಒಮ್ಮೆ, ಬೆಟ್ಟದ ಬುಡದಲ್ಲಿ ಇನ್ನೊಮ್ಮೆ ಕಾರಿನ ಸಾಲಿನಲ್ಲಿ ನಿಂತು, ಮಂಜೆಲ್ಲ ಕರಗಿದ ಮೇಲೆ ಮೇಲಕ್ಕೆ ತಲುಪುತ್ತೇವೆ. ಅಷ್ಟು ಹೊತ್ತಿಗೆ ಮನೆಯಿಂದ ತೆಂಕಲಿಗೆ ಹೊರಟವರು ರಾಗಿ ಹೊಲ, ಹಿಪ್ಪುನೇರಳೆ ತೋಟ ದಾಟಿ ಯಾವುದೋ ಬಂಡೆಯ ನೆರಳಲ್ಲಿ ತಿಂಡಿ ಮುಗಿಸಿರುತ್ತಾರೆ.

ಲಾಲ್‌ಬಾಗಿನ ಬೇಲಿಗೆ ಒತ್ತಿಕೊಂಡಿರುವ ಸಿದ್ದಾಪುರದಿಂದ ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆ, ಮೈಸೂರು ರಸ್ತೆ ನಾಲ್ಕನ್ನೂ ಊರು ಸುತ್ತದೆ ಹಿಡಿಯಬಹುದು. ಈ ದಾರಿಗಳು ಕರೆದೊಯ್ಯುವ ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣಗಳು ಸೇರಿದ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಹೆಸರಿನ ರಾಜಕೀಯ ಏನೇ ಇರಲಿ, ಆ ಹಳ್ಳಿಗಾಡು ನಮ್ಮ ಹಿತ್ತಿಲಿನದೇ.

ಹೊರಡುವ ಮೊದಲು ಒಂದು ಮಾತು. ‘ಒಂದು ದಿನದ ಪ್ರವಾಸಕ್ಕೆ ಹತ್ತು ತಾಣ’ ಎಂಬಂಥ ಪಟ್ಟಿಗಳಿಗೆ ಬರವಿಲ್ಲ. ಎಲ್ಲಿಗೆ ಹೋಗಬೇಕೆಂದು ಅವು ಹೇಳುತ್ತವೆ, ಯಾವಾಗ ಎಂದು ಹೇಳುವುದಿಲ್ಲ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ರೇಷ್ಮೆ ಮಾರುಕಟ್ಟೆಗೆ ಬೆಳಗಿನ ಹೊತ್ತಿದೆ, ಜಲಪಾತಕ್ಕೆ ಮಳೆಗಾಲದ ಕೊನೆಯಿದೆ, ಅವರೆಗೆ ಸೊಗಡಿನ ತಿಂಗಳಿದೆ, ಬೊಂಬೆ ಮಾಡುವವನಿಗೆ ವಾರದ ರಜೆಯಿದೆ. ಆ ಹೊತ್ತು ತಪ್ಪಿಸಿಕೊಂಡು ಹೋದರೆ ಸಿಗುವುದು ಮೊಬೈಲಿನಲ್ಲೊಂದು ಫೋಟೋ ಮಾತ್ರ.

ನಿಜ ಹೇಳಬೇಕೆಂದರೆ ಪ್ರವಾಸ ಶುರುವಾಗುವುದು ಮನೆ ಹಿಂದಿನ ಲಾಲ್‌ಬಾಗ್ ಬಂಡೆಯಿಂದಲೇ. ಕೆಂಪೇಗೌಡರ ಹೆಸರಿನ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಕೂಡ. ಭೂವಿಜ್ಞಾನಿಗಳು ಅದನ್ನು ಪೆನಿನ್ಸುಲರ್ ನೈಸ್ ಎನ್ನುತ್ತಾರೆ. ಅದರ ಮೈಮೇಲೆ ಪಟ್ಟೆಪಟ್ಟೆಯಾಗಿ ಬೂದು, ಬಿಳಿ ಗೆರೆಗಳಿವೆ, ಬಿಸಿಲು ಓರೆಯಾಗಿದ್ದಾಗ ನೋಡಿ. ಮೈಸೂರು ರಸ್ತೆಯಲ್ಲಿ ಬಿಡದಿ ದಾಟಿದ ಮೇಲೆ ಏಳುವ ಬಂಡೆಗಳು ಬೇರೆ ಜಾತಿಯವು. ಗುಲಾಬಿ ಛಾಯೆಯ ದಪ್ಪ ಹರಳಿನ ಈ ಕಲ್ಲು ಸುಮಾರು 250 ಕೋಟಿ ವರ್ಷದ ಹಿಂದಿನದು. ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ನೆನಪಿಗೆ ರಾಮನಗರವನ್ನು ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಉಳಿಯಿತು. ರಾಮದೇವರ ಬೆಟ್ಟ, ಸಾವನದುರ್ಗ ಎಲ್ಲವೂ ಇದೇ ಕಲ್ಲಿನ ಸಂತಾನ. ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲು ಲಾಲ್‌ಬಾಗ್ ಬಂಡೆಯ ಮೇಲೆ ಕೈಯಾಡಿಸಿ, ಆಮೇಲೆ ರಾಮನಗರದಲ್ಲಿ ಕೈಯಾಡಿಸಿ ಎನ್ನಿ. ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ರಾಮನಗರಕ್ಕೆ ಹೋಗುವುದಾದರೆ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಮೈಸೂರಿಗೆ ಓಡುತ್ತದೆ. ನಮಗೆ ಬೇಕಾದದ್ದು ಪಕ್ಕಕ್ಕೆ ಸರಿದದ್ದೇ. ಬೈಕು, ಸ್ಕೂಟರಿನವರಿಗೆ 2023ರ ಆಗಸ್ಟಿನಿಂದ ಅದರ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ, ಸರ್ವಿಸ್ ರಸ್ತೆಯೇ ಗತಿ. ಹಳೆಯ ರಸ್ತೆಯಲ್ಲಿ ಹೋದರೆ ಬಿಡದಿಯ ತಟ್ಟೆ ಇಡ್ಲಿ ಸಿಗುತ್ತದೆ. ಇಡ್ಲಿಯ ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಸಾಂಬಾರ್ ಕೇಳುವವರನ್ನು ಕೆಲವು ಹೋಟೆಲಿನವರು ಇನ್ನೂ ಅನುಮಾನದಿಂದಲೇ ನೋಡುತ್ತಾರೆ. ಇನ್ನೂ ಒಳ್ಳೆಯ ದಾರಿ ರೈಲು. ಮೈಸೂರಿನ ಕಡೆ ಹೋಗುವ ಪ್ಯಾಸೆಂಜರ್ ರೈಲುಗಳು ರಾಮನಗರ, ಚನ್ನಪಟ್ಟಣ ಎರಡರಲ್ಲೂ ನಿಲ್ಲುತ್ತವೆ.

ರಾಮನಗರ ಎಂದರೆ ಎಲ್ಲರಿಗೂ ‘ಶೋಲೆ’. 1975ರಲ್ಲಿ ತೆರೆಗೆ ಬಂದ ಆ ಚಿತ್ರಕ್ಕಾಗಿ ಕಟ್ಟಿದ್ದ ಸೆಟ್ಟಿನ ಗುರುತು ಹುಡುಕುತ್ತ ಅಲೆಯುವವರು ಈಗಲೂ ಇದ್ದಾರೆ. ಏನೂ ಉಳಿದಿಲ್ಲ. ಅದರ ಬದಲು ಬೆಳಿಗ್ಗೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಸರ್ಕಾರಿ ಮಾರುಕಟ್ಟೆ ಅದು. ರೈತರು ಚೀಲಗಳಲ್ಲಿ ತಂದ ಗೂಡನ್ನು ಜಾಲರಿಗಳ ಮೇಲೆ ಸುರಿಯುತ್ತಾರೆ. ಒಂದು ಕಡೆ ಮಿಶ್ರತಳಿಯ ಹಳದಿ ಗೂಡು, ಇನ್ನೊಂದು ಕಡೆ ದ್ವಿತಳಿಯ ಬಿಳಿ ಗೂಡು. ರೀಲರುಗಳು, ಅಂದರೆ ಗೂಡಿನಿಂದ ನೂಲು ಬಿಚ್ಚುವವರು, ಸಾಲಿನ ಉದ್ದಕ್ಕೂ ನಡೆಯುತ್ತ ಒಂದೊಂದು ಹಿಡಿ ಎತ್ತಿಕೊಳ್ಳುತ್ತಾರೆ. ಹೆಬ್ಬೆರಳಿನಿಂದ ಒತ್ತುತ್ತಾರೆ, ಕಿವಿಯ ಬಳಿ ಅಲ್ಲಾಡಿಸುತ್ತಾರೆ, ಏನೂ ಹೇಳದೆ ಮುಂದಿನ ಜಾಲರಿಗೆ ಹೋಗುತ್ತಾರೆ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು, ಈಗ ಇ-ಹರಾಜು. ರೀಲರಿನ ಬೆರಳು ಮೊಬೈಲಿನ ಮೇಲೆ, ರೈತನ ಕಣ್ಣು ದರದ ಪರದೆಯ ಮೇಲೆ. ಇಪ್ಪತ್ತೈದು ದಿನ ಮನೆಮಂದಿಯೆಲ್ಲ ಹಗಲು ರಾತ್ರಿ ಸೊಪ್ಪು ಹಾಕಿ ಸಾಕಿದ ಹುಳುವಿನ ಬೆಲೆ ಕೆಲವೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಇದು ಜನರ ಹೊಟ್ಟೆಪಾಡಿನ ಜಾಗ. ಒಳಗೆ ಕಾಲಿಡುವ ಮುನ್ನ ಅಲ್ಲಿನ ಸಿಬ್ಬಂದಿಗೆ ಹೇಳಿ ಒಪ್ಪಿಗೆ ಪಡೆಯಿರಿ, ದಾರಿಗೆ ಅಡ್ಡ ನಿಲ್ಲಬೇಡಿ, ಗೂಡನ್ನು ಕೇಳದೆ ಮುಟ್ಟಬೇಡಿ. ಮಧ್ಯಾಹ್ನದ ಮೇಲೆ ಹೋದರೆ ನೋಡಲು ಸಿಗುವುದು ಕಸ ಗುಡಿಸುವುದನ್ನೇ.

ಗೂಡು ಎಲ್ಲಿಂದ ಬಂತೆಂದು ನೋಡಬೇಕೆನಿಸಿದರೆ ರಾಮನಗರದಿಂದ ಕನಕಪುರದ ಕಡೆಗೆ ಯಾವ ಒಳದಾರಿ ಹಿಡಿದರೂ ಆದೀತು. ಮನೆಯ ಗೋಡೆಗೆ ಒರಗಿಸಿದ ಚಂದ್ರಿಕೆಗಳು ಕಾಣುತ್ತವೆ, ಬಿದಿರಿನ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ಹೆಣೆದ ಪಟ್ಟಿ. ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಅಲ್ಲೇ ಗೂಡು ಕಟ್ಟುತ್ತವೆ. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ‘ಮೂರನೇ ಜ್ವರ ಎದ್ದಿದೆ’, ‘ನಾಲ್ಕನೇ ಜ್ವರದಲ್ಲಿದೆ’ ಎಂದು ಮಾತಾಡಿಕೊಳ್ಳುವುದು ಕೇಳಿಸಿದರೆ ಗಾಬರಿ ಬೇಡ. ಆದರೆ ಹುಳುಮನೆಯೊಳಗೆ ಬಿಡಿ ಎಂದು ಹಟ ಮಾಡಬಾರದು. ಹೊರಗಿನವರ ಕೈಕಾಲಿನಿಂದ ರೋಗ ಬರುತ್ತದೆಂಬ ರೈತರ ಭಯಕ್ಕೆ ಕಾರಣವಿದೆ. ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿರುವುದೂ ಅದಕ್ಕೇ. ಕರೆದರೆ ಚಪ್ಪಲಿ ಬಿಟ್ಟು, ಕೈ ತೊಳೆದು ಹೋಗಿ. ಸೆಂಟು ಹಚ್ಚಿಕೊಂಡವರು ಹೊರಗೇ ನಿಲ್ಲುವುದು ಒಳ್ಳೆಯದು.

ರಾಮದೇವರ ಬೆಟ್ಟ ಹತ್ತಲು ಮೆಟ್ಟಿಲುಗಳಿವೆ, ಮೇಲೆ ರಾಮನ ಗುಡಿಯಿದೆ. 2012ರಲ್ಲಿ ಇದನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಿದರು, ದೇಶದಲ್ಲೇ ಮೊದಲನೆಯದು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದೆಲ್ಲೆಡೆ ಅವುಗಳ ಸಂತತಿಯನ್ನು ಅಳಿವಿನಂಚಿಗೆ ತಂದಿತು. ದನಗಳಿಗೆ ಅದರ ಬಳಕೆ 2006ರಲ್ಲಿ ನಿಷೇಧವಾದರೂ ರಾಮನಗರದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ದುರ್ಬೀನು ಇದ್ದರೆ ತನ್ನಿ, ಕಾಣಲೇಬೇಕೆಂದು ಹಟ ಬೇಡ. ಕಡಿದಾದ ಬಂಡೆಯ ಮುಖದಲ್ಲಿ ಸುಣ್ಣ ಎರಚಿದಂಥ ಬಿಳಿ ಕಲೆಗಳಿದ್ದರೆ ಅಲ್ಲಿ ಹಕ್ಕಿ ಕೂರುತ್ತದೆಂದು ಅರ್ಥ.

ರಾಮನಗರ ದಾಟಿ ಹಳೆಯ ಮೈಸೂರು ರಸ್ತೆಯಲ್ಲೇ ಜಾನಪದ ಲೋಕ ಇದೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಆಮೇಲೆ 15 ಎಕರೆಯಲ್ಲಿ ಇದನ್ನು ಎಬ್ಬಿಸಿದರು. ಲೋಕಮಹಲಿನ ತೊಗಲುಗೊಂಬೆ, ದೈವದ ಮುಖವಾಡಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ನನ್ನ ಮಾತು ಕೇಳುವುದಾದರೆ ಆಯಗಾರರ ಮಾಳದಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಕುಂಬಾರ, ಕಮ್ಮಾರ, ಬಡಗಿ, ಅಗಸ ಹೀಗೆ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದವರ ಸಲಕರಣೆಗಳು ಅಲ್ಲಿವೆ. ಅಜ್ಜ ಅಜ್ಜಿಯರ ಜೊತೆ ಹೋದರೆ ಫಲಕ ಓದುವ ಅಗತ್ಯವೇ ಬೀಳುವುದಿಲ್ಲ. ಮೊರ, ಒನಕೆ, ಬೀಸುಕಲ್ಲು ಕಂಡೊಡನೆ ಅವರೇ ಶುರು ಮಾಡುತ್ತಾರೆ. ಮಂಗಳವಾರ ರಜೆ.

ಅಲ್ಲಿಂದ ಚನ್ನಪಟ್ಟಣ ಹತ್ತಿರ. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಬೊಂಬೆ ಕೊಂಡು ವಾಪಸಾಗುವುದು ದಂಡ. ಅಂಗಡಿಗಳಲ್ಲಿ ಹೊರಗಿನಿಂದ ಬಂದ ಪ್ಲಾಸ್ಟಿಕ್ ಮಾಲೂ ಸೇರಿಕೊಂಡಿರುತ್ತದೆ. ಊರೊಳಗಿನ ಕೆಲಸದ ಮನೆಗಳನ್ನು ವಿಚಾರಿಸಿಕೊಂಡು ಹೋಗಿ, ಅದೂ ವಾರದ ನಡುವಿನ ದಿನ. ಆಲೆ ಮರದ ತುಂಡು ಲೇತಿನ ಮೇಲೆ ಗಿರಗಿರ ತಿರುಗುತ್ತಿರುತ್ತದೆ. ಉಳಿ ತಾಗಿಸಿದರೆ ಬಿಳಿ ಹೊಟ್ಟು ಸುರುಳಿಯಾಗಿ ಹಾರುತ್ತದೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ, ಕುಂಚದ ಮಾತೇ ಇಲ್ಲ. ಕೊನೆಗೆ ತಾಳೆ ಗರಿಯನ್ನು ಒತ್ತಿ ಹಿಡಿದರೆ ಮಂಕಾಗಿದ್ದ ಬಣ್ಣಕ್ಕೆ ಹೊಳಪು ಬರುತ್ತದೆ. ಇಷ್ಟೂ ಮುಗಿಯುವುದು ನೀವು ಒಂದು ಲೋಟ ಟೀ ಕುಡಿಯುವಷ್ಟರಲ್ಲಿ. ಕಲೆ ಇಲ್ಲಿ ಬೇರೂರಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ ಎನ್ನುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಎದುರೇ ಮಾಡಿದ್ದನ್ನು ಕೊಳ್ಳುವಾಗ ಚೌಕಾಸಿ ಮಾಡಲು ನಾಲಿಗೆ ಏಳುವುದಿಲ್ಲ, ಏಳಲೂಬಾರದು. ಸಂಜೆಯಾದರೆ ಪಕ್ಕದ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಗೆ ಹೋಗಿ ಅಂಬೆಗಾಲು ಕೃಷ್ಣನನ್ನು ನೋಡಿ ಬರಬಹುದು. ಮಕ್ಕಳಾಗಲಿ ಎಂದು ಹರಸಿಕೊಂಡವರು ಕಟ್ಟಿದ ಪುಟ್ಟ ತೊಟ್ಟಿಲುಗಳು ಅಲ್ಲಿ ತೂಗುತ್ತಿರುತ್ತವೆ.

ಮಾಗಡಿ ಕಡೆಗೆ ಹೋಗಲು ನನ್ನ ಆಯ್ಕೆ ಡಿಸೆಂಬರ್, ಜನವರಿ. ಕಾರಣ ಅವರೆಕಾಯಿ. ಅವರೆ ಮೇಳದ ನೂಕುನುಗ್ಗಲಲ್ಲಿ ನಿಂತು ತಿನ್ನುವ ನಮ್ಮ ಕಡೆಯ ಎಷ್ಟು ಜನ ಆ ಕಾಯಿಯನ್ನು ಬಳ್ಳಿಯಲ್ಲಿ ನೋಡಿದ್ದಾರೆ? ಬೆಳಿಗ್ಗೆ ಇಬ್ಬನಿ ಬಿದ್ದ ಹೊಲದ ಪಕ್ಕದಲ್ಲಿ ಇಳಿದರೆ ಸೊಗಡು ಮೂಗಿಗೆ ಬಡಿಯುತ್ತದೆ, ಕಾಯಿ ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟುತ್ತದೆ. ಆ ಜಿಡ್ಡಿದ್ದರೇ ಸೊಗಡಿನ ಕಾಯಿ. ರಸ್ತೆ ಬದಿ ರಾಶಿ ಹಾಕಿಕೊಂಡು ಕೂತ ಹೆಂಗಸರಿಂದ ನೇರ ಕೊಳ್ಳಿ. ದಾರಿಯಲ್ಲಿ ಕೇತೋಹಳ್ಳಿಯ ದೊಡ್ಡ ಆಲದ ಮರ ಸಿಗುತ್ತದೆ. ಮೂಲ ಕಾಂಡ ರೋಗ ತಗುಲಿ ಹೋದರೂ ಬಿಳಲುಗಳೇ ಕಾಂಡವಾಗಿ ಸುಮಾರು ಮೂರು ಎಕರೆಯಲ್ಲಿ ನಿಂತಿದೆ. ಭಾನುವಾರ ಅಲ್ಲಿ ಮನುಷ್ಯರಿಗಿಂತ ಕೋತಿಗಳು ಚುರುಕು, ಕೈಚೀಲ ಜೋಪಾನ.

ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಒಂಟಿ ಬಂಡೆ, ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ತಲೆ. ಮಾಗಡಿಯ ಕೆಂಪೇಗೌಡರ ವಂಶಕ್ಕೆ ಆಸರೆಯಾಗಿದ್ದ ಈ ಕೋಟೆಯನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕೈಯಿಂದ ಕಿತ್ತುಕೊಂಡಿತು. ಸುಮಾರು ಇನ್ನೂರು ವರ್ಷದ ಮೇಲೆ ಇನ್ನೊಬ್ಬ ಇಂಗ್ಲಿಷಿನವ, ನಿರ್ದೇಶಕ ಡೇವಿಡ್ ಲೀನ್, ಕ್ಯಾಮೆರಾ ಹಿಡಿದು ಬಂದ. ಇ.ಎಂ. ಫಾರ್‌ಸ್ಟರನ ಕಾದಂಬರಿ ಆಧರಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದಲ್ಲಿ (1984) ಮರಬಾರ್ ಗುಹೆಗಳೆಂದು ತೋರಿಸಿದ್ದು ಈ ಸೀಮೆಯ ಬಂಡೆಗಳನ್ನೇ. ಹತ್ತುವವರು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಚಾರಣಕ್ಕೆ ಮೊದಲೇ ಬುಕ್ ಮಾಡಿಕೊಳ್ಳಬೇಕು. ಮೆಟ್ಟಿಲಿಲ್ಲ, ಬರಿಯ ಇಳಿಜಾರು ಬಂಡೆ. ಮಳೆ ಬಿದ್ದಿದ್ದರೆ ಬುಡದ ವೀರಭದ್ರ, ನರಸಿಂಹ ದೇವಸ್ಥಾನಗಳಿಗೆ ಕೈ ಮುಗಿದು ವಾಪಸು ಬನ್ನಿ. ಒದ್ದೆ ಬಂಡೆಯ ಮೇಲೆ ಸಾಹಸ ತೋರಿಸಲು ಹೋಗಿ ಜಾರಿದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹತ್ತಿರದ ಮಂಚನಬೆಲೆ ಜಲಾಶಯವೂ ಹಾಗೆಯೇ. ಮೇಲೆ ನಿಂತು ನೋಡಲು ಚೆಂದ, ನೀರಿಗೆ ಇಳಿಯುವುದು ನಿಷಿದ್ಧ. ತಳದ ಕೆಸರು ಕಾಲು ಬಿಡುವುದಿಲ್ಲ. ಚರಿತ್ರೆಯ ಹುಚ್ಚಿದ್ದರೆ ಮಾಗಡಿ ತಾಲ್ಲೂಕಿನ ಕೆಂಪಾಪುರಕ್ಕೂ ಹೋಗಿ ಬನ್ನಿ. ಕೆಂಪೇಗೌಡರ ಸಮಾಧಿ ಎಂದು 2015ರಲ್ಲಿ ಗುರುತಿಸಿದ ಗೋಪುರ ಅಲ್ಲಿದೆ. ಲಾಲ್‌ಬಾಗಿನ ಗೋಪುರ ದಿನಾ ನೋಡುವ ನಮಗೆ ಅದು ದೂರದ್ದೆನಿಸುವುದಿಲ್ಲ.

ಕನಕಪುರ ರಸ್ತೆಗೆ ಮೆಟ್ರೊ ಅನುಕೂಲ. ಲಾಲ್‌ಬಾಗ್ ನಿಲ್ದಾಣದಲ್ಲಿ ಹಸಿರು ಮಾರ್ಗ ಹತ್ತಿದರೆ ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯವರೆಗೆ ಕೂತೇ ಹೋಗಬಹುದು, ಮುಂದಕ್ಕೆ ಬಸ್ಸು. ಕಬ್ಬಾಳಿನ ಕಬ್ಬಾಳಮ್ಮನಿಗೆ ಮಂಗಳವಾರ, ಶುಕ್ರವಾರ ಜನ ಕಿಕ್ಕಿರಿಯುತ್ತಾರೆ. ಜನ ನೋಡಬೇಕೆಂದರೆ ಆ ದಿನ, ಕಬ್ಬಾಳದುರ್ಗ ಹತ್ತಬೇಕೆಂದರೆ ಬೇರೆ ದಿನ. ಇನ್ನೂ ಕೆಳಗೆ ಹೋದರೆ ಸಂಗಮ; ಅರ್ಕಾವತಿ ಕಾವೇರಿಗೆ ಸೇರುವ ಜಾಗ. ಮೇಕೆದಾಟು ಅಲ್ಲಿಂದ ನಾಲ್ಕೈದು ಕಿಲೋಮೀಟರ್. ಅಷ್ಟಗಲದ ಕಾವೇರಿ ಕಲ್ಲಿನ ಸೀಳಿನಲ್ಲಿ ಇಕ್ಕಟ್ಟಾಗಿ ನುಗ್ಗುವುದನ್ನು ನೋಡಿದರೆ ಅಣೆಕಟ್ಟಿನ ಜಗಳ ಯಾಕೆ ಇಲ್ಲೇ ನಿಂತಿದೆ ಎಂಬುದೂ ಅರ್ಥವಾಗುತ್ತದೆ. ಸಂಗಮದಲ್ಲಿ ಹೊಳೆ ತುಂಬಿದ್ದಾಗ ದಾಟಲು ಬಿಡುವುದಿಲ್ಲ, ಹೊರಡುವ ಮುನ್ನ ವಿಚಾರಿಸಿ. ದಾರಿಯ ಚುಂಚಿ ಜಲಪಾತದ ಬಗ್ಗೆ ಮಾತ್ರ ನನಗೆ ತಕರಾರಿದೆ. ಫೋಟೋದಲ್ಲಿ ಬೆಳ್ಳಗೆ ಕಾಣುವ ನೊರೆಯೆಲ್ಲ ಶುದ್ಧ ನೀರಿನದಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ಹೊತ್ತ ವೃಷಭಾವತಿ ಮೇಲ್ಗಡೆಯೇ ಅರ್ಕಾವತಿಗೆ ಸೇರಿರುತ್ತದೆ. ನಾವು ಬಿಟ್ಟದ್ದು ನಮಗಿಂತ ಮೊದಲೇ ಅಲ್ಲಿಗೆ ಪ್ರವಾಸ ಹೋಗಿರುತ್ತದೆ. ದೂರದಿಂದ ನೋಡಿ, ಮೈ ಒಡ್ಡಬೇಡಿ.

ಬನ್ನೇರುಘಟ್ಟದ ಸಫಾರಿ ಎಲ್ಲರೂ ಕಂಡದ್ದು, ಮಂಗಳವಾರ ಬಾಗಿಲು ಹಾಕಿರುತ್ತದೆ ಎಂಬುದಷ್ಟೇ ನೆನಪಿಡಿ. ಡೈರಿ ಸರ್ಕಲ್ ಮೂಲಕ ಹೋಗುವ 365ನೇ ನಂಬರಿನ ಬಸ್ಸು ಹಿಡಿದರೆ ಸೀದಾ ಅಲ್ಲಿಗೆ. ಸಫಾರಿ ಬಿಟ್ಟು ಊರಿನ ಚಂಪಕಧಾಮ ಸ್ವಾಮಿ ಗುಡಿಗೆ, ಅದರ ಹಿಂದಿನ ಬೆಟ್ಟದಾಚೆಯ ಸುವರ್ಣಮುಖಿ ಕಲ್ಯಾಣಿಗೆ ಹೋಗುವವರು ಕಡಿಮೆ. ಆನೇಕಲ್ ಕಡೆಯ ಮುತ್ಯಾಲಮಡುವಿಗೆ ಈಗ ಆರ್.ವಿ. ರಸ್ತೆಯಿಂದ ಹಳದಿ ಮೆಟ್ರೊದಲ್ಲಿ ಬೊಮ್ಮಸಂದ್ರಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಚಂದಾಪುರ, ಆನೇಕಲ್ ದಾಟಬಹುದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗಿ. ಬೇಸಿಗೆಯಲ್ಲಿ ಹೋದವರು ಬರಿ ಬಂಡೆ ನೋಡಿ, ಜಲಪಾತ ಎಲ್ಲಿ ಎಂದು ಕಾವಲುಗಾರನನ್ನು ಬೈಯುವುದು ಅನ್ಯಾಯ. ಈ ಎರಡೂ ಕಡೆ ಕಾಡಂಚಿನ ಹಳ್ಳಿಗಳಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆಗಳು ಹೊಲಕ್ಕಿಳಿಯುತ್ತವೆ. ತಟ್ಟೆಕೆರೆ, ರಾಗಿಹಳ್ಳಿ ದಾರಿಗಳಲ್ಲಿ ಸೂರ್ಯ ಮುಳುಗುವ ಮುನ್ನವೇ ಬೈಕು ಊರ ಕಡೆ ತಿರುಗಿರಲಿ.

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು ಅಲ್ಲಿನ ಹಳ್ಳಿಯ ಕಾಲುದಾರಿಗಳನ್ನು ಹೊಗಳುವುದನ್ನು ಕೇಳಿದ್ದೇನೆ. ಹೊಗಳಿಕೆ ಸುಳ್ಳಲ್ಲ. ಖಾಸಗಿ ಹೊಲದ ನಡುವೆಯೂ ಯಾರು ಬೇಕಾದರೂ ನಡೆಯಬಹುದಾದ, ನಕಾಶೆಯಲ್ಲಿ ಗುರುತಾದ ದಾರಿಗಳು ಅಲ್ಲಿವೆ. ಅವು ಪುಕ್ಕಟೆ ಬಂದದ್ದಲ್ಲ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಗುಂಪಾಗಿ ನುಗ್ಗಿದ ಕಾರ್ಮಿಕ ಹುಡುಗರಲ್ಲಿ ಕೆಲವರು ಜೈಲು ಕಂಡರು. ಬೆಟ್ಟ ಬಯಲುಗಳಲ್ಲಿ ಮುಕ್ತವಾಗಿ ಓಡಾಡುವ ಹಕ್ಕಿಗೆ ಕಾನೂನು ಬಂದದ್ದು 2000ದಲ್ಲಿ. ನಮ್ಮ ಗ್ರಾಮ ನಕಾಶೆಗಳಲ್ಲೂ ಬಂಡಿದಾರಿ, ಕಾಲುದಾರಿಗಳ ಗುರುತಿದೆ, ‘ನಕಾಶೆ ಕಂಡ ದಾರಿ’ ಎಂದು ರೈತರು ತಾಲ್ಲೂಕು ಕಚೇರಿಯಲ್ಲಿ ವಾದ ಮಾಡುವುದೂ ಇದೆ. ಆದರೆ ಒತ್ತುವರಿಯಲ್ಲಿ ಎಷ್ಟೋ ಕಳೆದುಹೋಗಿವೆ, ಪ್ರವಾಸಿಗನ ಕೈಗೆ ಆ ನಕಾಶೆ ಬರುವುದೂ ಇಲ್ಲ. ಹಾಗಾಗಿ ನಮ್ಮ ಹಳ್ಳಿಗಾಡಿನಲ್ಲಿ ದಾರಿ ಎಂದರೆ ಕೇಳಿ ಪಡೆಯುವ ಒಪ್ಪಿಗೆ. ಅರಳಿಕಟ್ಟೆಯಲ್ಲಿ ಕೂತವರಿಗೆ ‘ಯಜಮಾನ್ರೇ, ಈ ಕಡೆ ಹೋಗಬಹುದಾ’ ಎಂದು ಕೇಳಿದರೆ ಸಾಕು. ದಾರಿಯ ಜೊತೆ ಮಜ್ಜಿಗೆಯೂ ಸಿಕ್ಕೀತು. ಡ್ರೋನ್ ಹಾರಿಸಿದರೆ ಎರಡೂ ಸಿಗುವುದಿಲ್ಲ.

ಖರ್ಚಿನ ವಿಚಾರ. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ, ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ ಇಲ್ಲ, ವಿಳಾಸ ಇರುವ ಗುರುತಿನ ಚೀಟಿ ಜೊತೆಗಿರಲಿ. ಬೆಟ್ಟದ ಬುಡದ ಅಂಗಡಿಗಳು ಎಲ್ಲ ದಿನವೂ ತೆರೆದಿರುವುದಿಲ್ಲ, ನೀರು ಮನೆಯಿಂದಲೇ ಹೊತ್ತುಕೊಂಡು ಹೋಗಿ. ಬಂಡೆ ಹತ್ತುವವರಿಗೆ ಮಾರ್ಚಿನಿಂದ ಮೇವರೆಗೆ ಹತ್ತು ಗಂಟೆಯ ಮೇಲೆ ಕಾಲಿಡಲಾಗದಷ್ಟು ಕಾವು. ಆ ತಿಂಗಳುಗಳಲ್ಲಿ ಬೆಟ್ಟ ಬಿಟ್ಟು ರಾಮನಗರದ ಮಾವಿನ ತೋಪುಗಳ ಕಡೆ ಹೋಗಿ. ರಾಜ್ಯದಲ್ಲಿ ಬೇಗ ಮಾವು ಬರುವ ಸೀಮೆಗಳಲ್ಲಿ ಅದೂ ಒಂದು.

ವಾಪಸಾಗುವಾಗ ಭಾನುವಾರ ಸಂಜೆ ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿಯ ಜಂಜಾಟ, ಕನಕಪುರ ರಸ್ತೆಯಲ್ಲಿ ಬನಶಂಕರಿಯ ಜಂಜಾಟ ಕಟ್ಟಿಟ್ಟದ್ದು. ಚನ್ನಪಟ್ಟಣದಿಂದ ರೈಲಿನಲ್ಲಿ ಬರುವವರು ಕೆಂಗೇರಿಯಲ್ಲೇ ಇಳಿದು ನೇರಳೆ ಮೆಟ್ರೊ ಹಿಡಿಯಲಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗಿನಲ್ಲಿ ಇಳಿಯಲಿ. ನಿಲ್ದಾಣ ಇರುವುದು ಪಡುವಣ ಬದಿಗೆ, ಸಿದ್ದಾಪುರದ ಮನೆಗೆ ತೋಟದ ಆಚೆ ಸುತ್ತಬೇಕು. ಕತ್ತಲಾಗಿದ್ದರೆ ತೋಟದ ಗೇಟು ಹಾಕಿರುತ್ತಾರೆ, ಒಳಗಿಂದ ಅಡ್ಡ ಹಾಯಲು ಆಗುವುದಿಲ್ಲ. ಆಟೋದವರೊಂದಿಗೆ ಮೀಟರ್ ಹಾಕಿ ಎಂಬ ಚರ್ಚೆಗೆ ಸ್ವಲ್ಪ ತ್ರಾಣ ಉಳಿಸಿಕೊಂಡಿರಿ.